ಮನೆಯ ಅಕ್ವಾಪೋನಿಕ್ಸ್ ಕಿಟ್: ಚಿಕ್ಕಮಗಳೂರಿನಲ್ಲಿ ಎರಡು ಮಳೆಗಾಲ ಕಳೆದ ಮೇಲೆ

ಹಿರೇಮಗಳೂರಿನ ಕಡೆ ನಮ್ಮ ಮನೆ. ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಒಂದೇ ನೀರಿನಲ್ಲಿ ಮೀನು, ಗಿಡ ಎರಡನ್ನೂ ಬೆಳೆಸುವ ಈ ಕಿಟ್ ಇಟ್ಟು 2 ವರ್ಷ 4 ತಿಂಗಳಾಯಿತು. 300 ಲೀಟರಿನ ಮೀನಿನ ತೊಟ್ಟಿ, ಅದರ ಮೇಲೆ 100 ಲೀಟರಿನ ಎರಡು ಗಿಡದ ತೊಟ್ಟಿ, ನೀರಿನ ಪಂಪು, ಗಾಳಿ ಪಂಪು, ಎರಡು ಬೆಲ್ ಸೈಫನ್ (ಗಿಡದ ತೊಟ್ಟಿ ತುಂಬಿದಾಗ ನೀರನ್ನು ತಾನಾಗಿ ಕೆಳಗೆ ಇಳಿಸುವ ಕೊಳವೆ), ತುಂಬಲು ಸುಟ್ಟ ಮಣ್ಣಿನ ಗುಂಡುಗಳು. ಆನ್‌ಲೈನ್‌ನಲ್ಲಿ 26,000 ರೂಪಾಯಿಗೆ ತರಿಸಿದ್ದು. ಕೊಂಡ ವಾರದಲ್ಲೇ 5 ಸ್ಟಾರ್ ಕೊಟ್ಟವರು ಬೇಕಾದಷ್ಟು ಜನ ಇದ್ದಾರೆ. ನಮ್ಮ ಕಡೆಯ ಒಂದು ಮಳೆಗಾಲ ದಾಟಿಸಿ ಬರೆದವರು ನನಗೆ ಒಬ್ಬರೂ ಸಿಗಲಿಲ್ಲ. ಸಿಕ್ಕಿದ್ದರೆ ನನ್ನ 9 ಮೀನು ಉಳಿಯುತ್ತಿದ್ದವು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ನನ್ನ ರೇಟಿಂಗ್ 5ಕ್ಕೆ 3.5.

ಗೊತ್ತಿಲ್ಲದವರಿಗೆ ಮೊದಲು ವಿಷಯ ಹೇಳಿಬಿಡುತ್ತೇನೆ. ಮೀನಿನ ಕಿವಿರು ಮತ್ತು ಹಿಕ್ಕೆಯಿಂದ ನೀರಿಗೆ ಅಮೋನಿಯಾ ಸೇರುತ್ತದೆ, ಅದು ಮೀನಿಗೇ ವಿಷ. ಗುಂಡುಗಳ ಮೇಲೆ ಬೆಳೆಯುವ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್ ಮಾಡುತ್ತವೆ, ಆಮೇಲೆ ಇನ್ನೊಂದು ಜಾತಿಯವು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಗಿಡಕ್ಕೆ ಗೊಬ್ಬರ. ಗಿಡ ಅದನ್ನು ಹೀರಿಕೊಂಡ ಮೇಲೆ ನೀರು ತೊಟ್ಟಿಗೆ ವಾಪಸ್. ಅಂದರೆ ನೀವು ಸಾಕುವುದು ಮೀನು, ಗಿಡ ಮಾತ್ರ ಅಲ್ಲ, ಕಣ್ಣಿಗೆ ಕಾಣದ ಆ ಬ್ಯಾಕ್ಟೀರಿಯಾವನ್ನೂ. ಕಿಟ್ ಜೊತೆ ಬಂದ ಹಾಳೆಯಲ್ಲಿ ಇದಕ್ಕೆ ಸಿಕ್ಕಿದ್ದು ಬರೀ ಎರಡು ಸಾಲು. "7 ದಿನದಲ್ಲಿ ಮೀನು ಬಿಡಿ" ಎಂದು ಬೇರೆ ಬರೆದಿದ್ದರು. ಬ್ಯಾಕ್ಟೀರಿಯಾ ಕೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು, ಚಳಿಯಲ್ಲಿ ಇನ್ನೂ ಜಾಸ್ತಿ. ನಾನು ಶುರು ಮಾಡಿದ್ದು ಜನವರಿಯಲ್ಲಿ, ಪೂರ್ತಿ 7 ವಾರ ಹಿಡಿಯಿತು. ಪರೀಕ್ಷೆಯ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಕಾಣುವ ತನಕ ಅಮೋನಿಯಾ ಬೆರೆಸಿದ, ಮೀನಿಲ್ಲದ ನೀರನ್ನೇ ಸುತ್ತಿಸುತ್ತಾ ಕೂತಿದ್ದೆ. ಮನೆಯವರೆಲ್ಲ ದಿನಾ ಕೇಳುತ್ತಿದ್ದರು, ಮೀನು ಯಾವಾಗ ಅಂತ. ಕಾದಿದ್ದು ಒಳ್ಳೆಯದೇ ಆಯಿತು.

ಮೀನಿನ ವಿಷಯದಲ್ಲೂ ಮಾರಿದವರ ಮಾತು ಕೇಳಬೇಡಿ. ಜಿಲೇಬಿ ಮೀನು 50 ಬಿಡಿ ಅಂದರು. ಜಿಲೇಬಿಗೆ 27–30 ಡಿಗ್ರಿ ನೀರು ಇಷ್ಟ. ನಮ್ಮ ಊರು 1,000 ಮೀಟರ್‌ಗಿಂತ ಎತ್ತರದಲ್ಲಿದೆ. ಡಿಸೆಂಬರ್ ಬೆಳಗ್ಗೆ ನನ್ನ ತೊಟ್ಟಿಯ ನೀರು 16 ಡಿಗ್ರಿಗೆ ಇಳಿದದ್ದನ್ನು ನೋಡಿದ್ದೇನೆ. ಅಷ್ಟು ತಣ್ಣಗಿದ್ದರೆ ಅದು ತಿನ್ನುವುದನ್ನೇ ಬಿಡುತ್ತದೆ. ನಾನು ಹಾಕಿದ್ದು ಸಾಮಾನ್ಯ ಗೆಂಡೆ, ಅದೂ 15 ಮಾತ್ರ. ಚಳಿ ತಡೆಯುತ್ತದೆ, ಗಟ್ಟಿ ಮೀನು. ಚಳಿಗಾಲದಲ್ಲಿ ಅದೂ ಕಡಿಮೆ ತಿನ್ನುತ್ತದೆ, ಆಗ ಆಹಾರ ಅರ್ಧಕ್ಕೆ ಇಳಿಸಬೇಕು, ಇಲ್ಲದಿದ್ದರೆ ಉಳಿದದ್ದು ಕೊಳೆತು ಮತ್ತೆ ಅಮೋನಿಯಾ. ಎಷ್ಟು ಮೀನು ಹಾಕಬಹುದು ಅಂದರೆ, 1,000 ಲೀಟರಿಗೆ 20 ಕೆಜಿ ಮೀನು ಎನ್ನುವುದು ಚೆನ್ನಾಗಿ ಪಳಗಿದವರ ಲೆಕ್ಕ. ಹೊಸಬರು ಅದರ ಅರ್ಧಕ್ಕೆ ನಿಲ್ಲಬೇಕು. 300 ಲೀಟರಿಗೆ 3 ಕೆಜಿ, 200 ಗ್ರಾಂ ತೂಗುವ 15 ಮೀನಾದರೆ ಅಲ್ಲಿಗೆ ತೊಟ್ಟಿ ತುಂಬಿತು. 50 ಎಲ್ಲಿ ಹಿಡಿಯುತ್ತದೆ?

ಇನ್ನು ಮಳೆಗಾಲ. ನಾನು ಬರೆಯಲು ಕೂತಿದ್ದೇ ಇದಕ್ಕಾಗಿ.

ನಲ್ಲಿಯಲ್ಲಿ ಬರುವ ಯಗಚಿ ಹೊಳೆಯ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಅದು ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ ಅಂತ ಡ್ರಮ್ಮಿನಲ್ಲಿ ಒಂದು ದಿನ ಗಾಳಿ ಆಡಿಸಿ ಬಳಸುತ್ತಿದ್ದೆ. ಜೂನ್ ಬಂತು, ಸೂರಿನಿಂದ ನೀರು ಸುರಿಯುತ್ತಿದೆ, ಕ್ಲೋರಿನ್ ಇಲ್ಲದ ಶುದ್ಧ ನೀರು ಬಿಟ್ಟಿ ಸಿಗುವಾಗ ನಲ್ಲಿ ನೀರು ಯಾಕೆ ಅಂದುಕೊಂಡೆ. ಹಾಳೆಯಲ್ಲೂ ಮಳೆನೀರು ಎಲ್ಲಕ್ಕಿಂತ ಉತ್ತಮ ಎಂದೇ ಇತ್ತು. ತೊಟ್ಟಿಗಳಿಗೆ ಮೇಲೆ ಮರೆ ಇರಲಿಲ್ಲ, ಹಗಲೂ ರಾತ್ರಿ ಮಳೆ ಬೀಳುತ್ತಿತ್ತು. ತುಂಬಿದ ನೀರು ಹೊರಗೆ ಹರಿದು ಹೋಗಿ, ಜುಲೈ ಹೊತ್ತಿಗೆ ತೊಟ್ಟಿಯಲ್ಲಿ ಇದ್ದದ್ದು ಪೂರ್ತಿ ಮಳೆನೀರೇ.

ಮಳೆನೀರಿನಲ್ಲಿ ಕಾರ್ಬೊನೇಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಇದನ್ನು ಅಳೆಯುವುದು ಕೆಎಚ್ ಪರೀಕ್ಷೆ. ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ. ಆ ಆಮ್ಲವನ್ನು ನುಂಗಿಕೊಳ್ಳುವುದು ಈ ಕಾರ್ಬೊನೇಟ್. ಅದು ಖಾಲಿಯಾದರೆ ಪಿಎಚ್ (ನೀರು ಎಷ್ಟು ಆಮ್ಲ ಎನ್ನುವ ಅಳತೆ, ಅಂಕೆ ಇಳಿದಷ್ಟೂ ಆಮ್ಲ ಜಾಸ್ತಿ) ನಿಧಾನಕ್ಕೆ ಇಳಿಯುವುದಿಲ್ಲ, ಕುಸಿಯುತ್ತದೆ. ಒಂದು ವಾರ 6.8 ಇದ್ದದ್ದು ಮುಂದಿನ ವಾರ 5.8. ಪಿಎಚ್ 6ರ ಕೆಳಗೆ ಬ್ಯಾಕ್ಟೀರಿಯಾದ ಕೆಲಸ ಹೆಚ್ಚುಕಮ್ಮಿ ನಿಂತುಬಿಡುತ್ತದೆ. ಅಮೋನಿಯಾ ಪರೀಕ್ಷೆಯಲ್ಲಿ ಲೀಟರಿಗೆ 4 ಮಿಲಿಗ್ರಾಂ ತೋರಿಸಿತು. ಆದರೂ ಮೀನುಗಳು ಆರಾಮಾಗಿ ಓಡಾಡುತ್ತಿದ್ದವು.

ಅಲ್ಲೇ ನಾನು ತಪ್ಪು ಮಾಡಿದ್ದು. ಪಿಎಚ್ ಏರಿಸಲು ಸುಣ್ಣ ಎಂದು ಓದಿದ್ದೆ. ಅಮ್ಮನ ಎಲೆಅಡಿಕೆ ತಟ್ಟೆಯಿಂದ ದೊಡ್ಡ ಚಮಚ ತುಂಬ ತಿನ್ನುವ ಸುಣ್ಣ ತೆಗೆದು, ಕದಡಿ, ಒಂದೇ ಸಲ ಸುರಿದೆ. ಸಂಜೆಗೆ ಪಿಎಚ್ 8.4. ಬೆಳಗ್ಗೆ ನೋಡಿದರೆ 9 ಮೀನು ತೇಲುತ್ತಿದ್ದವು. ಅವತ್ತು ನಾನು ತಿಂಡಿ ತಿನ್ನಲಿಲ್ಲ.

ಯಾಕೆ ಸತ್ತವು ಎಂದು ಆಮೇಲೆ ತಿಳಿಯಿತು. ಪಿಎಚ್ ಕಡಿಮೆ ಇದ್ದಾಗ ಅಮೋನಿಯಾ ಬಹುಪಾಲು ಅಮೋನಿಯಂ ರೂಪದಲ್ಲಿರುತ್ತದೆ, ಅದು ಮೀನಿಗೆ ಅಷ್ಟು ಕೆಡುಕು ಮಾಡುವುದಿಲ್ಲ. ಪಿಎಚ್ ಒಂದು ಅಂಕೆ ಏರಿದರೆ ವಿಷದ ಅಮೋನಿಯಾದ ಪಾಲು ಸುಮಾರು 10 ಪಟ್ಟು ಆಗುತ್ತದೆ. ನಾನು ಒಂದೇ ದಿನದಲ್ಲಿ ಎರಡೂವರೆ ಅಂಕೆ ಏರಿಸಿದ್ದೆ. ಸುಮ್ನೆ ಕೂತಿದ್ದ 4 ಮಿಲಿಗ್ರಾಂ ನನ್ನ ಕೈಯಾರೆ ವಿಷವಾಯಿತು. ಪಿಎಚ್ ಬಿದ್ದಾಗ ಮಾಡಬೇಕಾದ್ದು ಬೇರೆಯೇ. ಮೊದಲು ಆಹಾರ ನಿಲ್ಲಿಸಬೇಕು. ಕಾಲು ಭಾಗ ನೀರು ಬದಲಿಸಿ ಅಮೋನಿಯಾ ಇಳಿಸಬೇಕು. ಆಮೇಲೆ ಚಿಟಿಕೆ ಚಿಟಿಕೆ ಸುಣ್ಣ, ದಿನಕ್ಕೆ 0.2ರಷ್ಟು ಮಾತ್ರ ಏರುವ ಹಾಗೆ. ಹಾಳೆಯಲ್ಲಿ ಈ ಎಚ್ಚರಿಕೆ ಎಲ್ಲೂ ಇರಲಿಲ್ಲ. ಕಿಟ್ ಜೊತೆ ಕೊಟ್ಟ ಪರೀಕ್ಷೆಗಳಲ್ಲಿ ಕೆಎಚ್ ಇರಲೇ ಇಲ್ಲ. ನನ್ನ ಒಂದೂವರೆ ಸ್ಟಾರ್ ಹೋಗಿದ್ದು ಇಲ್ಲೇ.

ಎರಡನೇ ಮಳೆಗಾಲಕ್ಕೆ ಮೊದಲೇ ಪಾರದರ್ಶಕ ಶೀಟಿನ ಮಾಡು ಹಾಕಿಸಿದೆ. ಕಪ್ಪೆಚಿಪ್ಪು ತಂದು, ಕುಟ್ಟಿ, ತೊಳೆದು, ಬಟ್ಟೆ ಚೀಲದಲ್ಲಿ ಕಟ್ಟಿ ಗಿಡದ ತೊಟ್ಟಿಯಿಂದ ನೀರು ಬೀಳುವ ಜಾಗದಲ್ಲಿ ನೇತುಹಾಕಿದೆ. ಇದು ನಿಜಕ್ಕೂ ಚೆಂದದ ಉಪಾಯ. ನೀರು ಆಮ್ಲವಾದಷ್ಟೂ ಚಿಪ್ಪು ಜಾಸ್ತಿ ಕರಗುತ್ತದೆ, ಪಿಎಚ್ 7ರ ಮೇಲೆ ಹೋದರೆ ಹೆಚ್ಚುಕಮ್ಮಿ ಸುಮ್ಮನಿರುತ್ತದೆ, ಹಾಗಾಗಿ ಸುಣ್ಣದ ಹಾಗೆ ಕೈ ಮೀರುವುದಿಲ್ಲ. ವಾರಕ್ಕೊಮ್ಮೆ ಕೆಎಚ್ ನೋಡುತ್ತೇನೆ, 4 ಡಿಗ್ರಿಗಿಂತ ಕೆಳಗೆ ಬಿಡುವುದಿಲ್ಲ. ಆ ಮಳೆಗಾಲದಲ್ಲಿ ಒಂದು ಮೀನೂ ಸಾಯಲಿಲ್ಲ. ಹಾಸನ ಜಿಲ್ಲೆಯ ಅರಸೀಕೆರೆ ಕಡೆ ಬೋರ್‌ವೆಲ್ ನೀರು ಇರುವವರಿಗೆ ತೊಂದರೆ ಇದಕ್ಕೆ ತದ್ವಿರುದ್ಧ ಇರಬಹುದು. ಗಡಸು ನೀರಿನಲ್ಲಿ ಪಿಎಚ್ ಇಳಿಯುವುದೇ ಕಷ್ಟ. ಅಂಥವರು ಸ್ವಲ್ಪ ಮಳೆನೀರು ಬೆರೆಸಿದರೆ ಒಳ್ಳೆಯದು. ಅವರವರ ನೀರು ನೋಡಿಕೊಂಡು ಮಾಡಬೇಕು, ಅಲ್ವಾ?

ಗಿಡಗಳು ಮಾತ್ರ ಮನಸ್ಸು ತುಂಬಿಸಿವೆ. ಪಾಲಕ್, ಕೊತ್ತಂಬರಿ, ಒಂದೆಲಗ ನಾನು ಸಂತೆಯಲ್ಲಿ ಕೊಳ್ಳುವುದನ್ನೇ ಬಿಟ್ಟಿದ್ದೇನೆ. ಒಂದು ಮೂಲೆಯಲ್ಲಿ ಕೆಸು ನೆಟ್ಟಿದ್ದೆ, ಆಷಾಢದಲ್ಲಿ ಅದರ ಎಲೆಯಿಂದ ಎರಡು ಸಲ ಪತ್ರೊಡೆ ಆಯಿತು. ಪುದೀನ ಮಾತ್ರ ನೆಡಬೇಡಿ, ಅದರ ಬೇರು ಸೈಫನ್ನಿನ ಒಳಗೆ ನುಗ್ಗಿ ನೀರು ಇಳಿಯುವುದು ನಿಂತುಹೋಗಿತ್ತು, ಬಿಚ್ಚಿ ಬಿಡಿಸಲು ಒಂದು ಭಾನುವಾರ ಪೂರ್ತಿ ಹೋಯಿತು. ಟೊಮೆಟೊ ಸುಮಾರು. ಹೊಸ ಎಲೆಯಲ್ಲಿ ನರ ಹಸಿರು, ನಡುವೆ ಹಳದಿ ಕಂಡರೆ ಕಬ್ಬಿಣದ ಕೊರತೆ. ಮೀನಿನ ಆಹಾರದಿಂದ ಕಬ್ಬಿಣ ಸಾಕಾಗುವುದಿಲ್ಲ. ಗೊಬ್ಬರದ ಅಂಗಡಿಯಲ್ಲಿ ಚಿಲೇಟೆಡ್ ಕಬ್ಬಿಣ ಕೇಳಿ, ಅಂದರೆ ನೀರಿನಲ್ಲಿ ಕರಗಿಯೇ ಉಳಿಯಲಿ ಅಂತ ಇನ್ನೊಂದು ರಾಸಾಯನಿಕದ ಜೊತೆ ಕಟ್ಟಿದ ಕಬ್ಬಿಣ. ಅದರಲ್ಲೂ ಡಿಟಿಪಿಎ ಎಂಬ ರಾಸಾಯನಿಕ ಇರುವುದೇ ಬೇಕು. ಇಡಿಟಿಎ ಇರುವುದು ನಮ್ಮ ಪಿಎಚ್‌ನಲ್ಲಿ ಅಷ್ಟು ನಿಲ್ಲುವುದಿಲ್ಲ. ಹೇನು ಬಂದರೆ ಔಷಧಿ ಹೊಡೆಯುವ ಹಾಗಿಲ್ಲ, ಸೋಪು ನೀರೂ ಬೇಡ, ಎಲೆಗೆ ಬಿದ್ದದ್ದು ಮೀನಿಗೂ ಹೋಗುತ್ತದೆ. ಪೈಪಿನ ನೀರು ರಭಸವಾಗಿ ಬಿಟ್ಟು ತೊಳೆಯುತ್ತೇನೆ.

ಕರೆಂಟಿನ ಲೆಕ್ಕ: ಪಂಪು 18 ವ್ಯಾಟ್, ಗಾಳಿ ಪಂಪು 5 ವ್ಯಾಟ್, ಎರಡೂ ಇಡೀ ದಿನ ಓಡಿದರೆ ತಿಂಗಳಿಗೆ 16–17 ಯೂನಿಟ್. ಅದು ದೊಡ್ಡದಲ್ಲ. ಮರ ಬಿದ್ದು ಕರೆಂಟ್ ಹೋಗುತ್ತದಲ್ಲ, ಅದು ದೊಡ್ಡದು. ಗಾಳಿ ಪಂಪನ್ನು ಮನೆಯ ಇನ್ವರ್ಟರಿಗೆ ಸೇರಿಸಿದ್ದೇನೆ, 5 ವ್ಯಾಟ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಆಮ್ಲಜನಕ ಸಾಲುತ್ತಿಲ್ಲ ಎಂದೇ ಅರ್ಥ, ಕಾಯಬೇಡಿ, ಚೊಂಬಿನಲ್ಲಿ ನೀರು ಎತ್ತಿ ಎತ್ತಿ ಸುರಿಯಿರಿ. ಕೊನೆಗೆ ಒಂದು ಬಲೆ ಬೇಕೇ ಬೇಕು. ಮಿಂಚುಳ್ಳಿಗೆ ಈ ತೊಟ್ಟಿ ಎರಡನೇ ವಾರಕ್ಕೇ ಗೊತ್ತಾಗಿತ್ತು.

ಕಿಟ್‌ನ ಸಾಮಾನು ಗಟ್ಟಿ ಇದೆ, ತೊಟ್ಟಿ ಬಿರುಕು ಬಿಟ್ಟಿಲ್ಲ. ಪಂಪು ಒಮ್ಮೆ ಕೆಟ್ಟಿತು, ಇಲ್ಲೇ ಅಕ್ವೇರಿಯಂ ಅಂಗಡಿಯಲ್ಲಿ ಬೇರೆ ಸಿಕ್ಕಿತು. ದುಡ್ಡು ಉಳಿಸಲು ಅಂತ ಕೊಳ್ಳುವುದಾದರೆ ಬೇಡ, 26,000 ರೂಪಾಯಿಯ ಸೊಪ್ಪು ಇದರಲ್ಲಿ ಬೆಳೆಯಲು ವರ್ಷಗಳು ಬೇಕು. ದಿನಾ ಬೆಳಗ್ಗೆ ಹತ್ತು ನಿಮಿಷ ನೀರಿನ ಮುಂದೆ ನಿಲ್ಲುವ ಮನಸ್ಸಿದ್ದರೆ ಕೊಳ್ಳಿ. ಆದರೆ ಜೂನ್‌ಗೆ ಸ್ವಲ್ಪ ಮೊದಲು, ಮಳೆಗಾಲ ಎದುರಿಗಿರುವಾಗ ಶುರು ಮಾಡಬೇಡಿ. ಸೆಪ್ಟೆಂಬರ್ ಕೊನೆಗೆ ಮಳೆ ಇಳಿದ ಮೇಲೆ ಮಾಡಿ, ಚಳಿ ಬರುವ ಮುಂಚೆ ಬ್ಯಾಕ್ಟೀರಿಯಾ ಕೂತಿರುತ್ತವೆ. ಕಿಟ್ ಆರ್ಡರ್ ಮಾಡುವ ದಿನವೇ ಕೆಎಚ್ ಪರೀಕ್ಷೆಯ ಬಾಟಲಿಯನ್ನೂ ತರಿಸಿಕೊಳ್ಳಿ.