ಟೆಸ್ಟ್ ಪಂದ್ಯದ ಒಂದು ದಿನ: ಮೈದಾನ, ರೇಡಿಯೊ, ಟಿವಿ, ಮೊಬೈಲ್

ಟೆಸ್ಟ್ ಕ್ರಿಕೆಟ್‌ನಲ್ಲಿ ನನಗೆ ತುಂಬಾ ಇಷ್ಟ ನಿಧಾನದ ದಿನ. ರನ್ ಜಾಸ್ತಿ ಬರುವುದಿಲ್ಲ, ವಿಕೆಟ್ ಬೇಗ ಬೀಳುವುದಿಲ್ಲ. ಆದರೂ ಪಂದ್ಯ ಒಳಗೊಳಗೇ ಒಂದು ಕಡೆಗೆ ವಾಲುತ್ತಿರುತ್ತದೆ. ಅಂಥ ದಿನವನ್ನು ಸವಿಯಲು ಯಾವುದು ಒಳ್ಳೆಯದು? ನಾಲ್ಕನ್ನೂ ನಾನು ಪ್ರಯತ್ನಿಸಿದ್ದೇನೆ. ನನ್ನ ಲೆಕ್ಕದಲ್ಲಿ ಮೈದಾನ ಮೊದಲು, ರೇಡಿಯೊ ಎರಡನೆಯದು. ಟಿವಿಗೆ ಮೂರನೇ ಸ್ಥಾನವೇ ಅಂತ ಕೆಲವರು ಜಗಳಕ್ಕೆ ಬರಬಹುದು.

ಮೈದಾನದ ಮಾತಿಗೆ 2017ರ ಮಾರ್ಚ್ 5ರ ಭಾನುವಾರವನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ ಆಸ್ಟ್ರೇಲಿಯಾ ವಿರುದ್ಧದ ಟೆಸ್ಟ್, ಎರಡನೇ ದಿನ. ಹಿಂದಿನ ದಿನ ನೇಥನ್ ಲಯನ್ 50 ರನ್ ಕೊಟ್ಟು 8 ವಿಕೆಟ್ ಕಿತ್ತು ನಮ್ಮನ್ನು 189ಕ್ಕೆ ಮುಗಿಸಿದ್ದರು. ಎರಡನೇ ದಿನ ಪೂರ್ತಿ ಆಸ್ಟ್ರೇಲಿಯಾದ ಬ್ಯಾಟಿಂಗ್. ದಿನವಿಡೀ ಅವರು ಗಳಿಸಿದ್ದು ಬರೀ 197 ರನ್, ಕಳೆದುಕೊಂಡದ್ದು 6 ವಿಕೆಟ್.

ನಾನು ಪಿಚ್‌ಗೆ ಅಡ್ಡವಾಗಿ, ಪಕ್ಕದ ಸ್ಟ್ಯಾಂಡ್‌ನಲ್ಲಿ ಕೂತಿದ್ದೆ. ಅಲ್ಲಿಂದ ಸ್ಪಿನ್ ಎಷ್ಟು ತಿರುಗಿತು ಅಂತ ಗೊತ್ತಾಗುವುದಿಲ್ಲ. ಅದು ಬೇಕಾದರೆ ಬೌಲರ್‌ನ ಹಿಂದೆ, ಬಾಲ್ ಚೆನ್ನಾಗಿ ಕಾಣಲಿ ಅಂತ ನಿಲ್ಲಿಸಿರುವ ದೊಡ್ಡ ಪರದೆಯ (ಸೈಟ್‌ಸ್ಕ್ರೀನ್) ಹತ್ತಿರದ ಸೀಟು ಹಿಡಿಯಬೇಕು. ಆದರೆ ಬಾಲ್ ಎಷ್ಟು ಮೇಲೆದ್ದಿತು, ಎಷ್ಟು ಕೆಳಗೇ ಉಳಿಯಿತು ಅನ್ನುವುದು ಪಕ್ಕದಿಂದಲೇ ಚೆನ್ನಾಗಿ ಕಾಣುತ್ತದೆ. ಆ ದಿನ ಪಿಚ್ ಆಡುತ್ತಿದ್ದ ಆಟವೇ ಅದು. ಬಿರುಕು ಬಿಟ್ಟ ನೆಲ, ಒಂದು ಬಾಲ್ ಸೊಂಟಕ್ಕೆ, ಇನ್ನೊಂದು ಕಾಲ ಬುಡಕ್ಕೆ. ವೇಗದ ಬೌಲಿಂಗ್‌ಗೆ ಕೀಪರ್ ವೃದ್ಧಿಮಾನ್ ಸಹಾ ಎಷ್ಟು ಹಿಂದೆ ನಿಂತಿದ್ದಾರೆ ಅಂತ ನೋಡಿದರೆ ಸಾಕು, ಪಿಚ್‌ನಲ್ಲಿ ಎಷ್ಟು ಜೀವ ಇದೆ ಅಂತ ಅಂದಾಜಾಗುತ್ತಿತ್ತು. ಕೊಹ್ಲಿ ಫೀಲ್ಡ್ ಬದಲಿಸುತ್ತಲೇ ಇದ್ದರು. ಒಬ್ಬ ಫೀಲ್ಡರ್ ನಾಲ್ಕು ಹೆಜ್ಜೆ ಈಚೆಗೆ ಬಂದರೂ ಅದು ನಮ್ಮ ಕಣ್ಣಿಗೆ ಬೀಳುತ್ತದೆ. ಟಿವಿಯಲ್ಲಿ ಆ ಹೊತ್ತಿಗೆ ಜಾಹೀರಾತು.

ಮೈದಾನದ ಇನ್ನೊಂದು ಸುಖ ಅಂದರೆ ಜನರ ಸದ್ದು. ಬೌಲರ್ ಓಡಲು ಶುರುಮಾಡಿದ ಕೂಡಲೇ ಏಳುವ ಸದ್ದು, ಬಾಲ್ ಪ್ಯಾಡ್‌ಗೆ ಬಡಿದಾಗ ಒಟ್ಟಿಗೇ ಹೊರಡುವ ಕೂಗು. ಮ್ಯಾಟ್ ರೆನ್‌ಶಾ 60 ರನ್ ಗಳಿಸಲು ಪಟ್ಟ ಪಾಡು ಅಷ್ಟು ಜನರ ನಡುವೆ ಕೂತಾಗಲೇ ನನಗೆ ಅರ್ಥವಾಯಿತು. ಹಿಂದಿನ ದಿನದ 40 ರನ್ ಸೇರಿ ಸಂಜೆ ಆಸ್ಟ್ರೇಲಿಯಾ 6 ವಿಕೆಟ್‌ಗೆ 237, ಮುನ್ನಡೆ ಬರೀ 48. ಮರುದಿನ ಅವರ ಮುನ್ನಡೆ 87ಕ್ಕೆ ನಿಂತಿತು. ನಾಲ್ಕನೇ ದಿನ ಅವರು 188ರ ಗುರಿ ಬೆನ್ನಟ್ಟಿ 112ಕ್ಕೆ ಕುಸಿದರು. ಆ ಗೆಲುವಿನ ಬೀಜ ಬಿದ್ದದ್ದು ಭಾನುವಾರವೇ ಅಂತ ನಾನು ಈಗಲೂ ಹೇಳುತ್ತೇನೆ.

ಹಾಗಂತ ಮೈದಾನದಲ್ಲಿ ಎಲ್ಲವೂ ಸಿಗುವುದಿಲ್ಲ. ಆ ದಿನ ಇಶಾಂತ್ ಶರ್ಮಾ ಸ್ಟೀವ್ ಸ್ಮಿತ್ ಕಡೆ ನೋಡಿ ಮುಖ ಸೊಟ್ಟ ಮಾಡಿದ್ದು ದೇಶಕ್ಕೆಲ್ಲ ಗೊತ್ತು. ನಾನು ಅದನ್ನು ಸರಿಯಾಗಿ ನೋಡಿದ್ದು ಮನೆಗೆ ಬಂದ ಮೇಲೆ, ಟಿವಿಯಲ್ಲಿ. ಬಿಸಿಲು, ಗೇಟ್‌ನಲ್ಲಿ ಬ್ಯಾಗ್ ತಪಾಸಣೆ, ಊಟಕ್ಕೆ ಕ್ಯೂ, ಇವನ್ನೂ ತಾಳಿಕೊಳ್ಳಬೇಕು. ಟಿಕೆಟ್ ಕೊಳ್ಳುವ ಮೊದಲು ಮಧ್ಯಾಹ್ನ ನೆರಳು ಯಾವ ಕಡೆ ಅಂತ ಕೇಳಿಕೊಳ್ಳಿ.

ರೇಡಿಯೊಗೆ ಎರಡನೇ ಸ್ಥಾನ ಕೊಡಲು ಒಂದೇ ದಿನ ಸಾಕು. 2001ರ ಮಾರ್ಚ್ 14, ಕೋಲ್ಕತ್ತ. ಫಾಲೋ ಆನ್ ಆಗಿದ್ದ, ಅಂದರೆ ಮೊದಲ ಇನಿಂಗ್ಸ್‌ನಲ್ಲಿ ತುಂಬಾ ಹಿಂದೆ ಬಿದ್ದು ಕೂಡಲೇ ಮತ್ತೆ ಬ್ಯಾಟ್ ಮಾಡಬೇಕಾಗಿ ಬಂದ ಭಾರತ 4ಕ್ಕೆ 254ರಿಂದ ದಿನ ಶುರುಮಾಡಿ 4ಕ್ಕೆ 589ಕ್ಕೆ ಮುಗಿಸಿತು. ದಿನವಿಡೀ ಲಕ್ಷ್ಮಣ್, ದ್ರಾವಿಡ್ ಇಬ್ಬರೇ. ಕೆಲಸದ ದಿನ, ಬುಧವಾರ. ಆಕಾಶವಾಣಿಯಲ್ಲಿ ಸ್ವಲ್ಪ ಹೊತ್ತು ಹಿಂದಿ, ಸ್ವಲ್ಪ ಹೊತ್ತು ಇಂಗ್ಲಿಷ್. ಕೈ ಕೆಲಸ ಮಾಡುತ್ತಿತ್ತು, ಕಿವಿ ಈಡನ್ ಗಾರ್ಡನ್ಸ್‌ನಲ್ಲಿತ್ತು. ಆ ಇನಿಂಗ್ಸ್‌ನಲ್ಲಿ ಆಸ್ಟ್ರೇಲಿಯಾ ಒಂಬತ್ತು ಬೌಲರ್‌ಗಳನ್ನು ಬಳಸಿತು. ಮೆಗ್ರಾ, ವಾರ್ನ್ ಹೆಸರುಗಳ ನಡುವೆ ಬ್ಯಾಟ್ಸ್‌ಮನ್‌ಗಳಾದ ಹೇಡನ್, ಸ್ಲೇಟರ್ ಹೆಸರು ಕೇಳಿಬಂದಾಗಲೇ ಅವರ ಕ್ಯಾಪ್ಟನ್ ಸ್ಟೀವ್ ವಾ ಕಂಗಾಲಾಗಿದ್ದಾರೆ ಅಂತ ತಿಳಿಯಿತು. ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಚಿತ್ರವಿಲ್ಲದ ಕಡೆ ನಮ್ಮ ತಲೆಯೇ ಫೀಲ್ಡ್ ಹಾಕಿಕೊಳ್ಳುತ್ತದೆ. ದಿನಪೂರ್ತಿ ಕೇಳಿದರೂ ದಣಿವಾಗುವುದಿಲ್ಲ. ಬಾಲ್ ಹೇಗೆ ತಿರುಗಿತು ಅನ್ನುವುದಕ್ಕೆ ಮಾತ್ರ ವೀಕ್ಷಕ ವಿವರಣೆ ಕೊಡುವವರನ್ನೇ ನಂಬಬೇಕು. ಅವರು ಮಾತು ಬೆಳೆಸುತ್ತಾ ಸ್ಕೋರ್ ಹೇಳದೇ ಹೋದರೆ ಸಿಟ್ಟು ಬರುತ್ತದೆ, ಅಲ್ವಾ?

ಟಿವಿಯ ಬಲ ಹತ್ತಿರದ ನೋಟ. 2021ರ ಜನವರಿ 19ರಂದು ಬ್ರಿಸ್ಬೇನ್‌ನ ಗಾಬಾದಲ್ಲಿ ಪೂಜಾರ 211 ಬಾಲ್ ಎದುರಿಸಿ 56 ಹೊಡೆದರು. ಹೆಲ್ಮೆಟ್‌ಗೆ, ಪಕ್ಕೆಗೆ, ಬೆರಳಿಗೆ ಪೆಟ್ಟು. ಗ್ಲೌಸ್ ಬಿಚ್ಚಿ ಬೆರಳು ನೋಡಿಕೊಂಡ ಆ ಮುಖವನ್ನು ಗ್ಯಾಲರಿಯಲ್ಲಿ ಕೂತವರು ಅಷ್ಟು ಹತ್ತಿರದಿಂದ ನೋಡಿರಲಾರರು. ಪಂತ್ 89 ಹೊಡೆದು ಔಟಾಗದೆ ಉಳಿದು 328ರ ಗುರಿ ಮುಟ್ಟಿಸಿದ್ದನ್ನು ಎಲ್ಲರೂ ಹೊಗಳುತ್ತಾರೆ. ಪೂಜಾರ ಅಷ್ಟು ಹೊತ್ತು ನಿಂತದ್ದು ನನಗೆ ಅದಕ್ಕಿಂತ ಒಂದು ತೂಕ ಹೆಚ್ಚು. ಆ ದಿನಕ್ಕೆ ಟಿವಿಯೇ ಸರಿ. ಆದರೆ ಕ್ಯಾಮೆರಾ ಬಾಲ್ ಹಿಂದೆಯೇ ಹೋಗುತ್ತದೆ. ಕ್ಯಾಪ್ಟನ್ ಏನು ಯೋಚಿಸುತ್ತಿದ್ದಾನೆ ಅಂತ ತಿಳಿಯಬೇಕಾದ ಓವರ್ ನಡುವಿನ ಹೊತ್ತನ್ನು ಟಿವಿ ಮಾರಿಬಿಡುತ್ತದೆ. ಹಾಗಾಗಿ ಮೂರನೆಯದು.

ಮೊಬೈಲ್ ಸ್ಕೋರ್ ಬಗ್ಗೆ ಹೇಳುವುದು ಕಡಿಮೆ. ಗಾಬಾಕ್ಕೂ ಮುಂಚೆ, ಅದೇ ಜನವರಿ 11ರಂದು ಸಿಡ್ನಿಯಲ್ಲಿ ವಿಹಾರಿ 161 ಬಾಲ್‌ಗೆ 23, ಅಶ್ವಿನ್ 128 ಬಾಲ್‌ಗೆ 39. ಒಬ್ಬರಿಗೆ ತೊಡೆ ನೋವು, ಇನ್ನೊಬ್ಬರಿಗೆ ಬೆನ್ನು ನೋವು. ಇಬ್ಬರೂ ಔಟಾಗದೆ ನಿಂತು ಟೆಸ್ಟ್ ಡ್ರಾ ಮಾಡಿದರು. ಮೊಬೈಲ್‌ನಲ್ಲಿ ಕಂಡದ್ದು ಸಾಲು ಸಾಲು ಸೊನ್ನೆ. ಮೀಟಿಂಗ್ ನಡುವೆ ವಿಕೆಟ್ ಬಿತ್ತಾ ಅಂತ ತಿಳಿಯಲು ಅದು ಸಾಕು. ಆ ನೋವನ್ನೂ ಆ ಹಟವನ್ನೂ ಸೊನ್ನೆ ತೋರಿಸುವುದಿಲ್ಲ.

ಮುಂದೆ ಬೆಂಗಳೂರಿನಲ್ಲಿ ಟೆಸ್ಟ್ ಬಂದರೆ, ಒಂದೇ ದಿನಕ್ಕೆ ದುಡ್ಡಿದ್ದರೆ, ಎರಡನೇ ದಿನದ ಟಿಕೆಟ್ ತೆಗೆದುಕೊಳ್ಳಿ. 2018ರಲ್ಲಿ ಅಫ್ಘಾನಿಸ್ತಾನದ ಟೆಸ್ಟ್ ಎರಡೇ ದಿನಕ್ಕೆ ಮುಗಿಯಿತು. 2024ರಲ್ಲಿ ನ್ಯೂಜಿಲೆಂಡ್ ಬಂದಾಗ ಮಳೆಯಿಂದ ಮೊದಲ ದಿನ ಒಂದು ಬಾಲೂ ಬೀಳಲಿಲ್ಲ, ಎರಡನೇ ದಿನ ನಾವು 46ಕ್ಕೆ ಆಲ್ ಔಟ್. ಉಳಿದ ದಿನಗಳಿಗೆ ರೇಡಿಯೊ ಇದೆ, ಸಂಜೆ ಹೈಲೈಟ್ಸ್‌ಗೆ ಟಿವಿ ಇದೆ.