ಒತ್ತಡ ತಡೆಯುವ ಇಯರ್‌ಪ್ಲಗ್: ನಾಲ್ಕು ವಿಮಾನ ಪ್ರಯಾಣ ಆದ ಮೇಲೆ

ಹೋದ ವರ್ಷ ನೆಗಡಿ ಇಟ್ಟುಕೊಂಡೇ ವಿಮಾನ ಹತ್ತಿದ್ದೆ. ಇಳಿಯುವಾಗ ಎಡಗಿವಿಯೊಳಗೆ ಸೂಜಿ ಚುಚ್ಚಿದ ಹಾಗಾಯಿತು. ಆಮೇಲೆ ಎರಡು ದಿನ ಎಲ್ಲರೂ ಬಾವಿಯೊಳಗೆ ನಿಂತು ಮಾತಾಡಿದ ಹಾಗೆ ಕೇಳಿಸುತ್ತಿತ್ತು. ಆ ಭಯಕ್ಕೇ ಈ ಪ್ಲಗ್ ತರಿಸಿದ್ದು.

ಮೂರು ಅಂತಸ್ತಿನ ಮೆತ್ತನೆಯ ಸಿಲಿಕಾನ್, ನಡುವೆ ಒಂದು ಪುಟ್ಟ ಫಿಲ್ಟರ್. ಗಾಳಿ ಅದರ ಮೂಲಕ ನಿಧಾನಕ್ಕೆ ಒಳಗೆ ಹೋಗುತ್ತದೆ, ಹಾಗಾಗಿ ಕಿವಿಯ ತಮಟೆಯ ಮೇಲೆ ಒತ್ತಡ ಒಮ್ಮೆಲೇ ಬೀಳುವುದಿಲ್ಲ ಅನ್ನುವುದು ಲೆಕ್ಕ. ಸರಿ, ಆದರೆ ಮಧ್ಯ ಕಿವಿಯಿಂದ ಮೂಗಿನ ಹಿಂದಕ್ಕೆ ಹೋಗುವ ಒಂದು ಸಣ್ಣ ನಳಿಕೆ ಇದೆಯಲ್ಲ, ಅದು ತೆರೆದುಕೊಂಡರೆ ಮಾತ್ರ ಕಿವಿ ಬಿಡುವುದು. ಅದಕ್ಕೆ ಎಂಜಲು ನುಂಗಬೇಕು, ಆಕಳಿಸಬೇಕು, ಇಲ್ಲವೇ ಚೂಯಿಂಗ್ ಗಮ್ ಜಗಿಯಬೇಕು. ಎರಡನೇ ಪ್ರಯಾಣದಲ್ಲಿ ಪ್ಲಗ್ ಹಾಕಿಕೊಂಡೇ ನಿದ್ದೆ ಹೊಡೆದೆ, ಚಕ್ರ ನೆಲಕ್ಕೆ ಬಡಿದಾಗ ಎಚ್ಚರವಾಯಿತು, ಎರಡೂ ಕಿವಿ ಗಟ್ಟಿಯಾಗಿ ಕಟ್ಟಿತ್ತು! ನಾಲ್ಕನೇ ಸಲ ಬೇಕಂತಲೇ ಎಡಗಿವಿಗೆ ಮಾತ್ರ ಹಾಕಿ, ಇಳಿಯುವಷ್ಟು ಹೊತ್ತೂ ಗಮ್ ಜಗಿದೆ. ಎರಡು ಕಿವಿಗೂ ಏನೂ ವ್ಯತ್ಯಾಸ ಇರಲಿಲ್ಲ.

ಸದ್ದಿನ ವಿಷಯದಲ್ಲಂತೂ ಮಾಮೂಲಿ ಫೋಮ್ ಪ್ಲಗ್ಗೇ ವಾಸಿ. ಹಾರುವಾಗ ಕ್ಯಾಬಿನ್ ಒಳಗೆ ಸುಮಾರು 80ರಿಂದ 85 ಡೆಸಿಬಲ್ ಸದ್ದು ಇರುತ್ತದೆ, ರೆಕ್ಕೆಯ ಹಿಂದಿನ ಸೀಟಾದರೆ ಸಾಮಾನ್ಯವಾಗಿ ಇನ್ನೂ ಜಾಸ್ತಿ. ಫೋಮನ್ನು ಬೆರಳಲ್ಲಿ ಹೊಸೆದು ಬತ್ತಿಯಷ್ಟು ಸಣ್ಣ ಮಾಡಿ, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ ಎಳೆದು, ಒಳಗೆ ತೂರಿಸಿ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಸುಮ್ನೆ ತುರುಕಿದರೆ ಅರ್ಧ ಹೊರಗೇ ನಿಲ್ಲುತ್ತದೆ, ಆಮೇಲೆ ಪ್ಲಗ್ಗೇ ಸರಿಯಿಲ್ಲ ಅಂತೀವಿ, ಅಲ್ವಾ?

ಮೊದಲು ಸಾದಾ ಇಯರ್‌ಫೋನಲ್ಲಿ ಸಿನಿಮಾ ನೋಡುತ್ತಿದ್ದೆ, ಎಂಜಿನ್ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸುತ್ತಲೇ ಹೋಗುತ್ತಿದ್ದೆ. ಒಮ್ಮೆ ಮನೆಗೆ ಬಂದು ಅದೇ ವಾಲ್ಯೂಮಲ್ಲಿ ಮುಂದುವರಿಸಲು ಹೋಗಿ ಬೆಚ್ಚಿಬಿದ್ದು ಕಿತ್ತೆಸೆದೆ. ಅಷ್ಟು ಜೋರಾದ ಸದ್ದನ್ನು ಗಂಟೆಗಟ್ಟಲೆ ಕಿವಿಗೆ ಸುರಿದಿದ್ದೆ! ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಆ ಗುಂಯ್ ಸದ್ದನ್ನು ಚೆನ್ನಾಗಿ ಇಳಿಸುತ್ತದೆ, ಆದರೆ ಅದನ್ನು ಹಾಕಿಕೊಂಡು ಪಕ್ಕಕ್ಕೆ ವಾಲಿ ಮಲಗಲು ಆಗುವುದಿಲ್ಲ.

ಇನ್ನು ಈ ಪ್ಲಗ್‌ನ ಡಬ್ಬಿ. ಮುಚ್ಚಳ ಸಡಿಲ, ಬ್ಯಾಗಲ್ಲಿ ತಾನೇ ತೆರೆದುಕೊಳ್ಳುತ್ತದೆ. ಎರಡು ಗಂಟೆ ಆದ ಮೇಲೆ ಕಿವಿ ತುರಿಸುತ್ತದೆ.

ಐದಕ್ಕೆ ಎರಡು ಸ್ಟಾರ್. ಈಗ ಫೋಮ್ ಪ್ಲಗ್, ಗಮ್, ಮತ್ತೆ ಇಳಿಯಲು ಅರ್ಧ ಗಂಟೆ ಇರುವಾಗ ಕೈಗಡಿಯಾರದಲ್ಲಿ ನಡುಗುವ ಅಲಾರಂ. ನೆಗಡಿ ಇದ್ದಾಗ ಇದು ಕೆಲಸ ಮಾಡುತ್ತಾ ಅಂತ ಕೇಳಬೇಡಿ, ಮತ್ತೆ ನೆಗಡಿಯಲ್ಲಿ ವಿಮಾನ ಹತ್ತುವ ಧೈರ್ಯ ನನಗಿಲ್ಲ.