ಕೆನಡಾ ಎಕ್ಸ್‌ಪ್ರೆಸ್ ಎಂಟ್ರಿ: ಏಜೆಂಟರಿಲ್ಲದೆ ಅರ್ಜಿ ಹಾಕುವವರಿಗೆ

ಎಕ್ಸ್‌ಪ್ರೆಸ್ ಎಂಟ್ರಿ ಎಂದರೆ ವಯಸ್ಸು, ಭಾಷೆ, ಅನುಭವಗಳಿಗೆ ಅಂಕ ಹಾಕಿ, ಹೆಚ್ಚು ಅಂಕದವರನ್ನು ಕೆನಡಾದ ಪಿಆರ್‌ಗೆ (ಕಾಯಂ ವಾಸದ ಅನುಮತಿ) ಅರ್ಜಿ ಹಾಕಲು ಆಹ್ವಾನಿಸುವ ಆನ್‌ಲೈನ್ ವ್ಯವಸ್ಥೆ. ಪ್ರೊಫೈಲ್ ಹಾಕಲು ಶುಲ್ಕವಿಲ್ಲ, ಅಂಕದ ಲೆಕ್ಕವೂ ಬಹಿರಂಗ; ಈ ವ್ಯವಸ್ಥೆಯ ದೊಡ್ಡ ಗುಣವೇ ಇದು. ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್ ಜನರಲ್‌ನಲ್ಲಿ ಲಿಸನಿಂಗ್ 8, ಉಳಿದ ಮೂರರಲ್ಲೂ 7 ಬಂದರೆ ಅಂಕ ಜಿಗಿಯುತ್ತದೆ. ಒಂದರಲ್ಲಿ 6.5 ಬಂದರೂ ಆ ಲಾಭ ಕೈತಪ್ಪುತ್ತದೆ, ಮತ್ತೆ ಬರೆಯುವುದೇ ಒಳ್ಳೆಯದು. ವಯಸ್ಸು 30 ತುಂಬಿತೆಂದರೆ ವರ್ಷವರ್ಷವೂ ಅಂಕ ಇಳಿಕೆ. 2025ರ ಮಾರ್ಚ್‌ನಿಂದ ಜಾಬ್ ಆಫರ್‌ಗೆ ಅಂಕವಿಲ್ಲ. ಅದರ ಹೆಸರಲ್ಲಿ ಯಾರಿಗೂ ದುಡ್ಡು ಕೊಡಬೇಡಿ.

ಅರ್ಜಿ ಎಡವುವುದು ಅನುಭವ ಪತ್ರದಲ್ಲಿ. ನಮ್ಮಲ್ಲಿ ಕೊಡುವ ರಿಲೀವಿಂಗ್ ಲೆಟರ್‌ನಲ್ಲಿ ಸಾಮಾನ್ಯವಾಗಿ ಹುದ್ದೆ, ತಾರೀಕು ಅಷ್ಟೇ. ಕೆನಡಾದ ವಲಸೆ ಇಲಾಖೆಗೆ ಬೇಕಿರುವುದು ಮಾಡಿದ ಕೆಲಸದ ವಿವರ, ವಾರಕ್ಕೆಷ್ಟು ಗಂಟೆ, ಸಂಬಳ. ಆಹ್ವಾನ ಬಂದಮೇಲೆ ಪಿಆರ್ ಅರ್ಜಿ ಹಾಕಲು ಸಿಗುವುದು 60 ದಿನ, ಹಾಗಾಗಿ ಎಚ್‌ಆರ್ ಬಳಿ ಮೊದಲೇ ಬರೆಸಿಟ್ಟುಕೊಳ್ಳಿ. ಡಾಕ್ಟರ್, ನರ್ಸ್‌ಗಳಿಗೆ ಪಿಆರ್ ಸಿಕ್ಕರೂ ಪ್ರಾಂತ್ಯದ ಲೈಸೆನ್ಸ್ ಬೇರೆಯೇ ಆಗಬೇಕು.